ಕುಡಿಯದವನ ಸೇಂದಿಖಾನೆ

ನಿಜಾಮರ ಕಾಲದಲ್ಲಿ ಮೂರು ವರ್ಷ ನಾನು ಜಹೀರಾಬಾದಿನ ಸೇಂದಿಖಾನೆಯಲ್ಲಿ ಮುನ್ಶಿಯಾಗಿದ್ದೆ. ಆ ಮೂರು ವರ್ಷದಲ್ಲಿ ಒಂದು ಹನಿ ಸೇಂದಿಯೂ ನನ್ನ ಬಾಯಿಗೆ ಬಿದ್ದಿಲ್ಲ. ಇದನ್ನು ಆಗ ಯಾರ ಮುಂದೆ ಹೇಳಿದರೂ ನಗುತ್ತಿದ್ದರು. ಈಗ ಓದುವವರೂ ನಗಬಹುದು, ನಗಲಿ. ನನಗೆ ಮಾತ್ರ ಇಷ್ಟು ವಯಸ್ಸಾದರೂ ಆ ಸಿಟ್ಟು ಪೂರಾ ಇಳಿದಿಲ್ಲ.

ನಮ್ಮದು ಲಿಂಗಾಯತರ ಮನೆ. ನಾನು ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡ. ಮೊಗುಡಂಪಲ್ಲಿ ದಾರಿಯಲ್ಲಿದ್ದ ತುಂಡು ಹೊಲವನ್ನು ಪಾಲಿಗೆ ಕೊಟ್ಟು ಅವ್ವ ನನ್ನನ್ನು ಉರ್ದು ಶಾಲೆಗೆ ಕಳಿಸಿದಳು. ಉರ್ದು ಬಂದರೆ ತಹಸೀಲಿನಲ್ಲಿ ಕುರ್ಚಿ ಸಿಗುತ್ತದೆ ಎಂದು ಅವಳ ನಂಬಿಕೆ. ಶಾಲೆ ಮುಗಿಸಿ ತಹಸೀಲ ಕಚೇರಿಯ ಬೇವಿನ ಮರದ ಕೆಳಗೆ ದಿನಾ ಹೋಗಿ ನಿಂತೆ. ಕುರ್ಚಿ ಹಾಳಾಗಲಿ, ಒಳಗೆ ಬಾ ಎಂದವರೂ ಇರಲಿಲ್ಲ. ಅಲ್ಲಿಯೇ ಒಂದು ದಿನ ಸೇಂದಿ ಗುತ್ತೇದಾರನ ಕಣ್ಣಿಗೆ ಬಿದ್ದೆ. ಆ ಸುತ್ತಿನ ಈಚಲು, ತಾಳೆ ಮರಗಳನ್ನೆಲ್ಲ ಸರಕಾರದ ಹರಾಜಿನಲ್ಲಿ ಹಿಡಿದವನು ಅವನು. ಬಂದವನೇ ನನ್ನ ಹಣೆಯ ವಿಭೂತಿ ನೋಡಿದ.

“ಕುಡೀತೀಯೇನು?” ಎಂದ.

“ಶಿವ ಶಿವಾ, ಇಲ್ರಿ,” ಎಂದೆ.

“ಹಂಗಾರ ನೀನೇ ಬೇಕು ನನಗ. ಕುಡಿಯೋರ ಕೈಯಾಗ ಕೀಲಿ ಕೊಟ್ಟು ಸಾಕಾಗ್ಯಾದ. ನಾಳಿ ಮುಂಜಾನಿ ಬಾ.”

ಕುಡಿಯದವನು ಎಂಬ ಕಾರಣಕ್ಕೇ ನನಗೆ ಆ ಕೆಲಸ ಸಿಕ್ಕಿತು. ಅವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಜೋಳ ಬೀಸುತ್ತ ಕುಳಿತವಳು ತಲೆ ಎತ್ತದೆ ಅಂದಳು: “ತಹಸೀಲದಾಗ ಜಾಗ ಆಗೋತನಕ ಮಾಡು. ಆದ್ರ ಹೊರಗ ಸ್ನಾನ ಮಾಡಿ ಒಳಗ ಬಾ.”

ಸೇಂದಿಖಾನೆ ಊರ ಹೊರಗಿತ್ತು. ಮಣ್ಣಿನ ಗೋಡೆ, ಹುಲ್ಲಿನ ಚಪ್ಪರ, ಅದರ ಕೆಳಗೆ ಸಾಲಾಗಿ ಕುತ್ತಿಗೆವರೆಗೆ ಹೂತಿಟ್ಟ ದೊಡ್ಡ ದೊಡ್ಡ ಗಡಿಗೆಗಳು. ನೊಣಕ್ಕೂ ಕಣಜಕ್ಕೂ ಲೆಕ್ಕವೇ ಇರಲಿಲ್ಲ. ಬೆಳಗಾಗುತ್ತಲೇ ಈಚಲು ಬನದಿಂದ ಬಂಡಿಯಲ್ಲಿ ಸೇಂದಿ ಬರುತ್ತಿತ್ತು. ಅದು ಒಳ್ಳೆಯದೋ ಹುಳಿತದ್ದೋ ನೋಡಿ ಇಳಿಸಿಕೊಳ್ಳುವುದು ನನ್ನ ಕೆಲಸ. ನೋಡುವುದು ಎಂದರೆ ಹೇಗೆ? ಕುಡಿದು ನೋಡಬೇಕು. ನನ್ನ ಕೊರಳಲ್ಲಿ ಲಿಂಗವಿತ್ತು. ನನ್ನ ಜೊತೆಗಿದ್ದ ಚೌಕಿದಾರನನ್ನು ಕೇಳೋಣವೆಂದರೆ ಅವನು ಐದು ಹೊತ್ತು ನಮಾಜು ತಪ್ಪಿಸದ ಸಾಬ. ಗುತ್ತೇದಾರ ಅವನನ್ನೂ ಕುಡಿಯದವನೆಂದೇ ಇಟ್ಟುಕೊಂಡಿದ್ದ! ದಿನಾ ಬೆಳಿಗ್ಗೆ ನಾವಿಬ್ಬರೂ ಗಡಿಗೆಯ ಮೇಲೆ ಬಗ್ಗಿ ಮೂಸಿ ಮುಖ ಮುಖ ನೋಡಿಕೊಳ್ಳುತ್ತಿದ್ದೆವು.

“ಏನಂತೀರಿ ಚಾಚಾ?”

“ವಾಸನಿ ಅಂತೂ ಬರೋಬ್ಬರಿ ಅದ ಮುನ್ಶೀಜಿ. ರುಚಿ ಅಲ್ಲಾನಿಗೇ ಗೊತ್ತು.”

ಗಿರಾಕಿಗಳು ಬಂದ ಮೇಲೆ ನಿಜವಾದ ಪಂಚಾಯ್ತಿ ಶುರುವಾಗುತ್ತಿತ್ತು. ಒಬ್ಬ ನಿನ್ನೆಯದನ್ನು ಬೆರೆಸೀರಿ ಎನ್ನುವನು, ಇನ್ನೊಬ್ಬ ನೀರು ಹೊಯ್ದೀರಿ ಎನ್ನುವನು. ಅವರಿಗೆಲ್ಲ ಮುಂದಾಳು ಸಿರ್ಗಾಪುರದ ಕಡೆಯ ಒಬ್ಬ ಕುರುಬರ ಮುದುಕಿ. ಮಕ್ಕಳು ಕುರಿ ಮಂದೆಯನ್ನು ನಮ್ಮ ಕಡೆಯ ಕಲ್ಲು ಭೂಮಿಯಲ್ಲಿ ಬಿಟ್ಟುಕೊಂಡು ಇರುವ ತಿಂಗಳುಗಳಲ್ಲಿ ಅವಳು ದಿನಾ ಬರುತ್ತಿದ್ದಳು. ಕಂಬಳಿ ಹಾಸಿಕೊಂಡು ಕುಳಿತು ಎಲೆಯ ದೊನ್ನೆಗೆ ಸೇಂದಿ ಹಾಕಿಸಿಕೊಂಡು, ಒಂದು ಗುಟುಕು ಕುಡಿದು ನನ್ನ ಕಡೆ ತಿರುಗುತ್ತಿದ್ದಳು.

“ಹುಳಿ ಆಗ್ಯಾದಲ್ಲೋ ತಮ್ಮಾ!”

“ಇವತ್ತು ಮುಂಜಾನಿ ಬಂದದ್ದು ಆಯಿ ಅದು.”

“ನೀ ಕುಡ್ದು ಹೇಳು. ಕುಡಿ, ಒಂದು ಗುಟುಕು.”

ನಾನು ಇನ್ನೊಂದು ಗಡಿಗೆಯಿಂದ ಹಾಕಿಸುತ್ತಿದ್ದೆ. ಅವಳು ಹುಳಿಯೆಂದ ದೊನ್ನೆಯನ್ನೂ ಖಾಲಿ ಮಾಡಿಯೇ ಹೊಸದಕ್ಕೆ ಕೈ ಹಾಕುತ್ತಿದ್ದಳು. ನಿಜವಾಗಿ ಹುಳಿಯಾಗಿತ್ತೋ, ಒಂದು ದೊನ್ನೆ ಪುಕ್ಕಟೆ ಹೊಡೆಯಲು ಹಾಗನ್ನುತ್ತಿದ್ದಳೋ, ನನಗೆ ಇವತ್ತಿಗೂ ತಿಳಿದಿಲ್ಲ. ಸಂಜೆ ಗುತ್ತೇದಾರ ಬಂದು, “ಯಾಕೋ, ಗಡಿಗಿ ಖಾಲಿ ಆಗ್ಯಾವ, ಗಲ್ಲಾ ತುಂಬಿಲ್ಲ?” ಎಂದು ಬೈಯುತ್ತಿದ್ದ. ಅತ್ತ ಮುದುಕಿಯ ಬೈಗುಳ, ಇತ್ತ ಅವನ ಬೈಗುಳ. ನಡುವೆ ನಾಲಿಗೆಯಿದ್ದೂ ಇಲ್ಲದ ನಾನು.

ಆದರೂ ಕುಳಿತು ಕುಳಿತು ಗಿರಾಕಿಗಳ ಮಾತೆಲ್ಲ ನನ್ನ ಕಿವಿಗೆ ಇಳಿಯಿತು. ಸೇಂದಿಯೆಂದರೆ ಈಚಲು ಮರದ್ದು, ತಾಡಿಯೆಂದರೆ ತಾಳೆ ಮರದ್ದು. ಎರಡನ್ನೂ ಒಂದೇ ಎನ್ನುವವನನ್ನು ಅವರು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಈಚಲಿನ ಕಾಲ. ಅದನ್ನು ಬಿಸಿಲು ಏರುವ ಮೊದಲೇ ಕುಡಿಯಬೇಕು. ಶಿವರಾತ್ರಿ ದಾಟಿದರೆ ಅದರ ಕೆಲಸ ಮುಗಿಯಿತು. ಆಗ ತಾಳೆ ಮರದಿಂದ ರಸ ಇಳಿಯಲು ಶುರು. ಯುಗಾದಿಯ ಸುತ್ತಿನ ತಾಡಿ ದಪ್ಪ, ಹೊಟ್ಟೆಗೆ ತಂಪು, ಸಂಜೆ ಹೊತ್ತಿಗೆ ಚೆಂದ. ಮಳೆ ಬಿದ್ದ ಮೇಲೆ ಎರಡೂ ನೀರು ನೀರು. ಆಗ ಇಪ್ಪೆ ಹೂವಿನ ಸಾರಾಯಿ ಮೈ ಬೆಚ್ಚಗೆ ಮಾಡುತ್ತದೆ, ಆದರೆ ಮರುದಿನ ತಲೆ ಒಡೆಯುತ್ತದೆ. ಇದರ ಮೇಲೆ ಅವರು ದಿನವಿಡೀ ವಾದ ಮಾಡುತ್ತಿದ್ದರು. ಈಚಲೇ ಮೇಲೆಂದು ಮುದುಕಿ, ತಾಡಿಯೇ ಮೇಲೆಂದು ಗೌಂಡಿ ಕೆಲಸದವರು. ಜಗಳ ಹತ್ತಿದರೆ ಪಂಚ ನಾನು. “ಮುನ್ಶೀನ್ನ ಕೇಳ್ರಿ” ಎನ್ನುವರು, ಆಮೇಲೆ ತಾವೇ ನೆನಪಾಗಿ ಗೊಳ್ಳೆಂದು ನಗುವರು.

ಒಂದು ಚಳಿಗಾಲ ದಿನಾ ಹುಳಿ ಹುಳಿ ಎಂಬ ಗಲಾಟೆ ಹೆಚ್ಚಾದಾಗ, ಬನದಲ್ಲಿಯೇ ಏನೋ ಮೋಸ ನಡೆದಿದೆಯೋ ಎಂದು ನೋಡಲು ಬೆಳಕು ಹರಿಯುವ ಹೊತ್ತಿಗೆ ಹಳ್ಳದ ದಂಡೆಯ ಆ ಬನಕ್ಕೆ ಹೋದೆ. ಮಂಜು ಇನ್ನೂ ಕರಗಿರಲಿಲ್ಲ. ಮರದಿಂದ ಆಗತಾನೆ ಇಳಿಸಿದ ಮಡಕೆಯ ಸುತ್ತ ನಾಲ್ಕು ಜನ ಕುಕ್ಕರಗಾಲಲ್ಲಿ ಕುಳಿತಿದ್ದರು. ಅವರಲ್ಲಿ ನಮ್ಮ ಮುದುಕಿಯೂ ಇದ್ದಳು. ನನ್ನನ್ನು ಕಂಡವಳು ಎದ್ದು ಬಂದು ದೊನ್ನೆ ತುಂಬಿ ಕೈಗೆ ಕೊಟ್ಟಳು.

“ಇದರಾಗ ಅಮಲಿಲ್ಲೋ ತಮ್ಮಾ. ಬಿಸಿಲು ತಾಗಿಲ್ಲ ಇನ್ನಾ. ಸಕ್ರಿ ನೀರಿದ್ದಂಗ ಅದ. ಕೂಸುಗೋಳಿಗಿ ಕುಡಿಸ್ತೀವಿ ಇದನ್ನ.”

ದೊನ್ನೆಯನ್ನು ಮೂಗಿನ ಹತ್ತಿರ ಹಿಡಿದೆ. ಸೇಂದಿಖಾನೆಯ ನಾತ ಅದರಲ್ಲಿ ಒಂದಿಷ್ಟೂ ಇರಲಿಲ್ಲ. ಎಳನೀರಿಗೆ ಹೊಸ ಬೆಲ್ಲ ಕದಡಿದಂಥ ವಾಸನೆ. ಬಾಯಲ್ಲಿ ನೀರು ಬಂತು, ಸುಳ್ಳು ಹೇಳಲಾರೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕುಡಿದಿದ್ದರೆ ಊರಿಗೆ ಸುದ್ದಿ ನನಗಿಂತ ಮೊದಲು ಮುಟ್ಟುತ್ತಿತ್ತು. ಅವ್ವನ ಮುಖ ನೆನಪಾಯಿತು. ದೊನ್ನೆಯನ್ನು ಮುದುಕಿಯ ಕೈಗೇ ವಾಪಸು ಕೊಟ್ಟೆ. “ಏನು ಮಂದಿಯೋ ನೀವು,” ಎಂದು ಅವಳು ನನ್ನೆದುರಿಗೇ ಗಟಗಟ ಕುಡಿದಳು. ಮೋಸವೂ ಕಾಣಲಿಲ್ಲ. ಬನದಿಂದ ಬರುವ ದಾರಿಯೇ ದೂರವಿತ್ತು, ಬಂಡಿ ಬರುವಷ್ಟರಲ್ಲಿ ಸೂರ್ಯ ಏರುತ್ತಿದ್ದ. ಬಂಡಿಯನ್ನು ಇನ್ನೂ ಮೊದಲೇ ಹೊರಡಿಸೋಣವೆಂದು ಗುತ್ತೇದಾರನಿಗೆ ಹೇಳಿದೆ. “ನಿನ್ನ ಕೆಲ್ಸ ನೀ ನೋಡು” ಎಂದ.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಆ ವಾಸನೆ ನನ್ನ ಜೊತೆ ಮನೆಗೂ ಬರುತ್ತಿತ್ತು. ಹಿತ್ತಲಲ್ಲಿ ಕಡಲೆಹಿಟ್ಟು ಹಚ್ಚಿ ಮೈ ತಿಕ್ಕಿದರೂ ಹೋಗದು, ಸೀಗೆಕಾಯಿಗೂ ಬಗ್ಗದು. ಧೋತರ ಒಗೆದು ಬಿಸಿಲಿಗೆ ಹಾಕಿದರೆ ಹಗ್ಗವೇ ನಾರುತ್ತಿತ್ತು. ಗುಡಿಯಲ್ಲಿ ನನ್ನ ಪಕ್ಕ ನಿಂತವರು ಒಂದು ಹೆಜ್ಜೆ ಸರಿಯುತ್ತಿದ್ದರು. ಅವ್ವ ಕೆಂಡದ ಮೇಲೆ ಲೋಬಾನ ಹಾಕಿ ನನ್ನ ಅಂಗಿಗೆ ಹೊಗೆ ಹಿಡಿದಳು. ಆಗ ಸೇಂದಿಯ ಜೊತೆಗೆ ಲೋಬಾನವೂ ಸೇರಿ, ದರ್ಗಾದ ಅಂಗಳದಲ್ಲಿ ಗಡಿಗೆ ಒಡೆದಂತಾಯಿತು.

ಅದೇ ಹೊತ್ತಿಗೆ ನನ್ನ ಮದುವೆಯ ಮಾತು ಎದ್ದಿತ್ತು. ಮೊದಲು ನಾರಾಯಣಖೇಡದ ಒಂದು ಮನೆತನದವರು ನನ್ನನ್ನು ನೋಡಲು ಬಂದರು. ಸರಿಯಾಗಿ ಸಂಕ್ರಾಂತಿ ಮುಗಿದ ವಾರ, ಈಚಲಿನ ತುಂಬು ಕಾಲ. ಹುಡುಗಿಯ ಸೋದರತ್ತೆ ನನ್ನ ಎದುರು ಕುಳಿತು ಎರಡು ಸಲ ಮೂಗು ಏರಿಸಿದಳು. ಆಮೇಲೆ ಸೆರಗನ್ನು ಮೂಗಿಗೆ ಹಿಡಿದವಳು ಏಳುವವರೆಗೂ ತೆಗೆಯಲಿಲ್ಲ. ಊಟಕ್ಕೂ ನಿಲ್ಲದೆ ಹೋದರು. ಹೋಳಿಗೆಯನ್ನು ಓಣಿಯ ಮಕ್ಕಳಿಗೆ ಹಂಚುತ್ತ ಅವ್ವ ಅತ್ತಳು.

“ಇನ್ನ ಮುಂದ ಮಳಿಗಾಲದಾಗ ಕರಿಸಬೇಕು,” ಎಂದು ತಾನೇ ತೀರ್ಮಾನಿಸಿದಳು. ಮಳೆಗಾಲದಲ್ಲಿ ಸೇಂದಿ ಕಡಿಮೆ, ವಾಸನೆಯೂ ಕಡಿಮೆ ಎಂದು ಅವಳ ಅಂದಾಜು. ಜಗತ್ತಿನಲ್ಲಿ ಎಲ್ಲರೂ ಪಂಚಾಂಗ ನೋಡಿ ಕನ್ಯೆ ನೋಡುತ್ತಾರೆ, ನನ್ನ ಅವ್ವ ಈಚಲು ಮರ ನೋಡಿ ಮುಹೂರ್ತ ಇಡುತ್ತಿದ್ದಳು. ಆದರೆ ಆ ಮಳೆಗಾಲ ಗುತ್ತೇದಾರ ಇಪ್ಪೆ ಸಾರಾಯಿಯ ಪೀಪಾಯಿಗಳನ್ನು ತಂದು ನಾನು ಕುಳಿತುಕೊಳ್ಳುವ ಜಾಗದ ಹಿಂದೆಯೇ ಇಡಿಸಿದ. ಅದರ ಘಾಟು ಸೇಂದಿಗಿಂತ ಹತ್ತು ಪಾಲು ಹೆಚ್ಚು. ನಾನು ಬೇಡಿಕೊಂಡೆ, ಚೌಕಿದಾರ ಚಾಚಾನೂ ಬೇಡಿಕೊಂಡ. ನಮ್ಮ ಮಾತು ಅವನ ಕಿವಿಗೆ ಹೋಗಲೇ ಇಲ್ಲ.

ಕೊನೆಗೆ ಅವ್ವ ಬೇರೆ ದಾರಿ ಹಿಡಿದಳು. ತಾಂಡೂರಿನಲ್ಲಿ ಹಾಸುಗಲ್ಲಿನ ವ್ಯಾಪಾರ ಮಾಡುವ ಒಬ್ಬರ ಮಗಳಿದ್ದಳು. ಅವರು ಬರುವುದು ಬೇಡ, ನಾವೇ ಹೋಗೋಣ. ಅದಕ್ಕೂ ಮೊದಲು ಎಂಟು ದಿನ ರಜೆ ಹಾಕಿ ಮನೆಯಲ್ಲಿ ಕೂಡು ಎಂದಳು. ಜ್ವರವೆಂದು ಗುತ್ತೇದಾರನಿಗೆ ಹೇಳಿ ಕಳಿಸಿ ಕುಳಿತೆ. ದಿನಕ್ಕೆರಡು ಸಲ ಎಣ್ಣೆ ಸ್ನಾನ. ಎಂಟನೆಯ ದಿನ ಅವ್ವ ನನ್ನ ತಲೆ ಮೂಸಿ, “ಈಗ ಮನಷ್ಯಾ ಆಗಿ ನೋಡು,” ಎಂದಳು. ಹೊಸ ಧೋತರ ಉಟ್ಟು ರೈಲು ಹತ್ತಿ, ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ತಾಂಡೂರಿಗೆ ಹೋದೆವು.

ಹುಡುಗಿಯ ಮನೆಯಲ್ಲಿ ನೆಲ, ಕಟ್ಟೆ, ಗೋಡೆಯ ಅರ್ಧದವರೆಗೆ ಎಲ್ಲ ನುಣುಪಾದ ಕಲ್ಲು. ಬೇಸಗೆ ಇನ್ನೂ ಶುರುವಾಗುತ್ತಿತ್ತು, ಒಳಗೆ ತಣ್ಣಗಿತ್ತು. ಹುಡುಗಿ ಅವಲಕ್ಕಿಯ ತಟ್ಟೆ ತಂದಿಟ್ಟಳು. ಕಣ್ಣು ಕೆಳಗೆ ಹಾಕಿಕೊಂಡೇ ಇದ್ದರೂ ಏನನ್ನೋ ಕಂಡು ನಗು ತಡೆದಂಥ ಮುಖ. ನನಗೆ ಆ ಮುಖ ಮನಸ್ಸಿಗೆ ಬಂತು. ಯಾರೂ ಮೂಗು ಮುಚ್ಚಲಿಲ್ಲ. ಹುಡುಗಿಯ ಅಪ್ಪ ಕೇಳಿದರು:

“ಗುತ್ತೇದಾರರ ಹಂತ್ಯಾಕ ಮುನ್ಶಿ ಅಂತ ಕೇಳಿದ್ವಿ. ಯಾವ ಗುತ್ತಿಗಿರಿ?”

ಅವ್ವ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ: “ಸೇಂದಿದ್ದುರಿ. ಆದ್ರ ನಾ ಬಾಯಿಗಿ ಹಚ್ಚಂಗಿಲ್ರಿ.”

ಅವರು ತಲೆಯಾಡಿಸಿದರು. “ಹೊಟ್ಟಿಪಾಡು. ಖರೇ ಹೇಳಿದ್ರಲ್ಲ, ಅಷ್ಟು ಸಾಕು,” ಎಂದರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವ್ವ ಕೂಡ ಸೆರಗಿನಿಂದ ಮುಖ ಒರೆಸಿಕೊಂಡಳು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು.

ಹುಡುಗಿಯ ಸೋದರಮಾವನೂ ಅಲ್ಲಿ ಕುಳಿತಿದ್ದ. ತಾಂಡೂರು ಸ್ಟೇಷನ್ನಿನಲ್ಲಿ ಮಾಲು ಇಳಿಸುವ ಕಡೆ ಕೆಲಸ ಅವನಿಗೆ. ಮಾತುಗಾರ, ಎಲ್ಲದರಲ್ಲೂ ಕುತೂಹಲ.

“ನಮ್ಮ ಸ್ಟೇಷನ್ನಿಗಿ ಗೋರಾ ಸಾಹೇಬರ ಸಲ್ಯಾಕ ಬಿಯರ್ ಅಂತ ಸೀಸಾ ಬರ್ತಾವ,” ಎಂದ. “ಬ್ಯಾಸಗ್ಯಾಗ ಬರ್ಫದಾಗ ಹೂತಿಟ್ಟು ಕುಡೀತಾರ. ಚಳಿಗಾಲದಾಗ ಅದನ್ನ ಕೇಳೋರಿಲ್ಲ, ಬ್ಯಾರೇನೇ ತರಸ್ತಾರ. ಕುಡಿಯಾಕೂ ಒಂದು ಕಾಲ ಇರ್ತದೇನು ಅಂತ ನನಗ ನಗಿ ಬರ್ತದ. ನಿಮ್ಮ ಸೇಂದಿಗೂ ಹಂಗ ಕಾಲ ಅದ ಏನ್ರಿ?”

ಮೂರು ವರ್ಷ ಆ ಗಡಿಗೆಗಳ ಮುಂದೆ ಕುಳಿತವನನ್ನು ಯಾರೂ ಹೀಗೆ ಮರ್ಯಾದೆಯಿಂದ ಏನನ್ನೂ ಕೇಳಿರಲಿಲ್ಲ. ಕೇಳಿದವರೆಲ್ಲ ಬೈದೇ ಕೇಳಿದ್ದರು. ನನಗೆ ಹುರುಪು ಬಂದುಬಿಟ್ಟಿತು.

“ಇಲ್ದೇ ಏನ್ರಿ ಮಾವಾ! ಚಳಿಗಾಲದಾಗ ಈಚಲದ್ದು. ಅದೂ ಹ್ಯಾಂಗ, ಮಂಜು ಇರೋವಾಗ ಮರದ ಬುಡಕ್ಕೇ ಕೂತು ಕುಡೀಬೇಕು. ಆವಾಗ ಅದು ಎಳನೀರಾಗ ಹೊಸಾ ಬೆಲ್ಲ ಕದಡಿದಂಗ ಇರ್ತದ. ಬಿಸಿಲು ಏರಿತು ಅಂದ್ರ ನಾಲಿಗಿ ಮ್ಯಾಲ ಚುರ್ ಅಂತದ. ಯುಗಾದಿಗಿ ತಾಡಿ. ಅದು ದಪ್ಪರಿ, ಸಂಜಿಗಿ ಹುರಿಗಡಲಿ ಜೋಡಿ ಚಲೋ. ಮಳಿಗಾಲದಾಗ ಇವೆರಡೂ ಬ್ಯಾಡ್ರಿ, ನೀರು ನೀರು. ಇಪ್ಪಿ ಹೂವಿಂದು ಎರಡು ಗುಟುಕು ಸಾಕು, ಮೈ ಬೆಚ್ಚಗ ಆಗ್ತದ. ಹೆಚ್ಚಾತು ಅಂದ್ರ ಮರುದಿನ ತಲಿ ಎತ್ತಾಕ ಆಗಂಗಿಲ್ಲ.”

ಮಾವ ಬಾಯಿ ತೆರೆದು ಕೇಳುತ್ತಿದ್ದ. ಬಾಗಿಲ ಹಿಂದೆ ಬಳೆ ಸದ್ದಾಯಿತು; ಹುಡುಗಿಯೂ ಕೇಳುತ್ತಿದ್ದಾಳೆಂದು ನಾನು ಇನ್ನೂ ಎರಡು ಮಾತು ಸೇರಿಸಿದೆ. ಮಾತು ನಿಂತಾಗ ಮಾವ ಹುಡುಗಿಯ ಅಪ್ಪನ ಮುಖ ನೋಡಿದ. ಅವ್ವ ನನ್ನ ತೊಡೆಯನ್ನು ಅದೆಷ್ಟು ಹೊತ್ತಿನಿಂದ ಚಿವುಟುತ್ತಿದ್ದಳೋ, ಆಗ ಉರಿಯಿತು.

ಹುಡುಗಿಯ ಅಪ್ಪ ಮೆಲ್ಲಗೆ ಕೇಳಿದರು: “ಬಾಯಿಗಿ ಹಚ್ಚಲಾರ್ದೇ ಇಷ್ಟೆಲ್ಲಾ ಹ್ಯಾಂಗ ಗೊತ್ತಾತ್ರಿ?”

“ಕೇಳಿ ಕೇಳಿ ಗೊತ್ತಾಗ್ಯಾದ್ರಿ. ಗಿರಾಕಿ ಮಂದಿ ಮಾತಾಡ್ತಾರ...”

“ಹೌದ್ರಿ, ಹೌದ್ರಿ,” ಎಂದರು. ಸಿಟ್ಟಿಲ್ಲದ ದನಿ. ಅದೇ ಹೆಚ್ಚು ಚುಚ್ಚಿತು. ಲಿಂಗ ಮುಟ್ಟಿ ಆಣೆ ಮಾಡುತ್ತೇನೆಂದೆ. ಅವರು ಕೈ ಅಡ್ಡ ಹಿಡಿದು, “ಆಣಿ ಎಲ್ಲಾ ಯಾಕ್ರಿ. ಮನ್ಯಾಗ ಮಾತಾಡಿ ಹೇಳಿ ಕಳಸ್ತೀವಿ,” ಎಂದರು. ಯಾವ ಸುದ್ದಿಯೂ ಬರಲಿಲ್ಲ.

ವಾಪಸು ಬರುವಾಗ ಅವ್ವ ವಿಕಾರಾಬಾದಿನವರೆಗೆ ಕಿಟಕಿ ನೋಡುತ್ತ ಕುಳಿತಿದ್ದಳು. ಗಾಡಿ ಬದಲಿಸಿ ಕುಳಿತ ಮೇಲೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದಳು.

“ಖರೇ ಹೇಳು. ಕುಡ್ದೀಯೋ ಇಲ್ಲೋ?”

ಹೊರಗಿನವರು ಕೇಳಿದ್ದನ್ನು ತಡೆದುಕೊಂಡಿದ್ದೆ. ಹೆತ್ತವಳೇ ಕೇಳಿದ್ದನ್ನು ತಡೆಯಲು ಆಗಲಿಲ್ಲ. ರೈಲು ಡಬ್ಬಿಯ ಜನರೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದೆ. ಕುಡಿದಿದ್ದರೆ ಚೆನ್ನಾಗಿತ್ತು, ಬೈಗುಳಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು ಎಂದೆ. ಅವ್ವ ನನ್ನ ಕೈ ಹಿಡಿದುಕೊಂಡು, “ಆತು ಬಿಡಪಾ, ಆತು ಬಿಡು,” ಎಂದಳು. ಅವಳು ನಂಬಿದಳೋ, ಜನ ನೋಡುತ್ತಿದ್ದಾರೆಂದು ಸುಮ್ಮನಾಗಿಸಿದಳೋ, ಕೇಳುವ ಧೈರ್ಯ ನನಗೂ ಬರಲಿಲ್ಲ.

ಮರುದಿನವೇ ಕೀಲಿ ಒಯ್ದು ಗುತ್ತೇದಾರನ ಮುಂದೆ ಇಟ್ಟೆ. “ತಾಡಿ ಕಾಲ ಈಗ ಶುರು ಆಗ್ಯಾದ, ಈಗ ಬಿಟ್ಟು ಹೋಗ್ತೀಯಾ?” ಎಂದು ಬೈದ. ಮಳೆಯವರೆಗೆ ಇರು, ಆಮೇಲೆ ಆಬಕಾರಿ ಕಚೇರಿಯಲ್ಲಿ ನಾನೇ ಹೇಳಿ ನಿನಗೆ ಜಾಗ ಮಾಡಿಸುತ್ತೇನೆ ಎಂದ. ನಾನು ಹುಚ್ಚನ ಹಾಗೆ ಕೀಲಿಯನ್ನು ಮತ್ತೆ ತೆಗೆದುಕೊಂಡೆ. ಮಳೆ ಬರುವ ಮೊದಲೇ ಹರಾಜಾಯಿತು. ಮರಗಳು ಬೇರೆಯವನ ಪಾಲಾದವು. ಅವನು ತನ್ನ ಮನುಷ್ಯರನ್ನು ತಂದ. ನನ್ನನ್ನೂ ಚೌಕಿದಾರ ಚಾಚಾನನ್ನೂ ಒಂದೇ ದಿನ ಹೊರಗೆ ಹಾಕಿದರು. ಹಳೆಯ ಗುತ್ತೇದಾರ ಹೈದರಾಬಾದಿಗೆ ಹೋದವನು ನನ್ನ ಕಣ್ಣಿಗೇ ಬೀಳಲಿಲ್ಲ. ಚಾಚಾ ಗೋಡೆಯ ಮೇಲಿನ ತನ್ನ ಚಾದರವನ್ನು ಮಡಚಿ ಹೆಗಲಿಗೆ ಹಾಕಿಕೊಂಡು, “ಮುನ್ಶೀಜಿ, ಮುಂದಿನ ಕೆಲ್ಸ ಅತ್ತರಿನ ದುಕಾನಿನಾಗ ಹುಡುಕೋಣು,” ಎಂದ. ನನಗೆ ನಗು ಬರಲಿಲ್ಲ.

ಆ ವರ್ಷ ಮನೆಯಲ್ಲಿ ಖಾಲಿ ಕುಳಿತೆ. ಈಗ ಮೈಗೆ ಯಾವ ವಾಸನೆಯೂ ಇರಲಿಲ್ಲ, ಕೆಲಸವಿಲ್ಲದವನಿಗೆ ಹೆಣ್ಣು ಕೊಡುವವರೂ ಇರಲಿಲ್ಲ. ಮುಂದೆ ನಾರಾಯಣಖೇಡದ ಒಬ್ಬ ಕುಸುಬೆ ಎಣ್ಣೆ ವ್ಯಾಪಾರಿ ನನ್ನನ್ನು ಅಂಗಡಿಗೆ ಇಟ್ಟುಕೊಂಡ. ಅಲ್ಲಿಂದ ಎರಡು ವರ್ಷಕ್ಕೆ ಕಂಗ್ಟಿಯ ಹುಡುಗಿಯ ಜೊತೆ ಮದುವೆಯಾಯಿತು. ಈ ಸಲ ಅವ್ವ ನನ್ನಿಂದ ಮೊದಲೇ ಮಾತು ತೆಗೆದುಕೊಂಡಿದ್ದಳು: ಯಾರು ಏನು ಕೇಳಿದರೂ ಹೌದು, ಇಲ್ಲ ಅಷ್ಟೇ ಅನ್ನಬೇಕು. ಹಾಗೆಯೇ ಮಾಡಿದೆ. ಹುಡುಗ ಮೂಕನೇನು ಎಂದು ಅವರ ಮನೆಯಲ್ಲಿ ಅನುಮಾನ ಬಂದಿತ್ತಂತೆ.

ಮದುವೆಯಾಗಿ ಸ್ವಲ್ಪ ದಿನಕ್ಕೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಬೇರೆ ಯಾರಾದರೂ ಹೇಳುವುದಕ್ಕಿಂತ ನಾನೇ ಹೇಳುವುದು ಮೇಲು ಅನ್ನಿಸಿತ್ತು. ರೊಟ್ಟಿ ತಟ್ಟುತ್ತಿದ್ದವಳು ಪೂರಾ ಕೇಳಿದಳು. ತಾಂಡೂರಿನ ಮಾತು ಬಂದಾಗ ಕೈ ನಿಲ್ಲಿಸಿ ನಕ್ಕಳು.

“ನಾ ಇದ್ರೂ ಹಂಗೇ ತಿಳ್ಕೋತಿದ್ದೆ,” ಎಂದಳು.

“ಅಂದ್ರ ನೀನೂ ನಂಬಂಗಿಲ್ಲ?”

“ನಂಬ್ತೀನ್ರಿ. ಈಗ ನಿಮ್ಮ ಅಂಗಿಗಿ ಹತ್ತಿದ ಕುಸುಬಿ ಎಣ್ಣಿ ಹ್ಯಾಂಗ ಬಿಡಿಸಬೇಕು ಅದನ್ನ ಹೇಳ್ರಿ ಮದಲ.”

ತಾಂಡೂರಿನ ಹುಡುಗಿಯ ವಿಷಯ ಬಹಳ ವರ್ಷದ ಮೇಲೆ ಕಿವಿಗೆ ಬಿತ್ತು. ಅವಳ ಊರಿನವನೊಬ್ಬ ಅಂಗಡಿಗೆ ಬಂದಿದ್ದ. ನಾನೇ ಮೆಲ್ಲಗೆ ಕೆದಕಿ ಕೇಳಿದೆ. ಅವಳ ಗಂಡ ದೊಡ್ಡ ಕುಡುಕನಾಗಿ ತಿರುಗುತ್ತಿದ್ದಾನೆಂದು ಕೇಳಿದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು, ಅಷ್ಟು ಕೆಟ್ಟ ಮನಸ್ಸು ಆಗ ನನಗಿತ್ತು. ಅವನು ಹೇಳಿದ: ಬಹಳ ಒಳ್ಳೆಯ ಮನುಷ್ಯ, ಶಾಲೆಯಲ್ಲಿ ಮಗ್ಗಿ ಕಲಿಸುವ ಮಾಸ್ತರ, ಚಹಾ ಕೂಡ ಕುಡಿಯುವುದಿಲ್ಲ. ಅವಳು ಸುಖವಾಗಿದ್ದಾಳೆ. ಎಣ್ಣೆ ಅಳೆದುಕೊಟ್ಟು ಅವನನ್ನು ಕಳಿಸಿದೆ. ಆ ದಿನ ಗಿರಾಕಿಗಳ ಮೇಲೆಲ್ಲ ಸುಮ್ಮಸುಮ್ಮನೆ ಹರಿಹಾಯ್ದೆ.